ಕೆಂಪು ಚುಕ್ಕಿಯ ಕೇಕು

ಕಿರಾಣಿ ತರಲು ನನ್ನೊಬ್ಬನನ್ನೇ ಕಳಿಸಿದರೆ ನಾನು ಮನೆಯ ಯಜಮಾನ. ಮಕ್ಕಳ ಜೊತೆ ಕಳಿಸಿದರೆ ನಾನೂ ಒಂದು ಸಾಮಾನು. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಎರಡನೇ ಕ್ಲಾಸಿನ ಮಗಳು ಅಕ್ಷತಾ ಮುಂದೆ ಮುಂದೆ ದಾರಿ ತೋರಿಸುತ್ತಾಳೆ, ಇನ್ನೂ ಎಲ್.ಕೆ.ಜಿ.ಯಲ್ಲಿರುವ ಮಗ ಚನ್ನು ತಳ್ಳುಗಾಡಿಯೊಳಗೆ ಕೂತು ಹುಕುಂ ಚಲಾಯಿಸುತ್ತಾನೆ, ಕಾಲೇಜಿನಲ್ಲಿ ನೂರಾರು ಹುಡುಗರನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುವ ನಾನು ಗಾಡಿ ನೂಕುತ್ತೇನೆ. ಮಕ್ಕಳನ್ನು ಕಟ್ಟಿಕೊಂಡು ಯಾಕೆ ಹೋಗಬೇಕು ಎಂದು ಹೆಂಡತಿ ಗಿರಿಜಾಳನ್ನು ಕೇಳಿದರೆ, "ಅವರಿಗೂ ವ್ಯವಹಾರ ತಿಳೀಬೇಕಲ್ರೀ" ಅನ್ನುತ್ತಾಳೆ. ತಾನು ಒಂದು ತಾಸು ಕಾಲು ಚಾಚಿ ಕೂರಬೇಕು ಅನ್ನುವುದು ಅದರ ಅರ್ಥ. ಇರಲಿ, ಪಾಪ.

ಆ ವರ್ಷ ಎಳ್ಳಮವಾಸಿ ಮತ್ತು ಕ್ರಿಸ್ಮಸ್ ಒಂದೇ ವಾರದಲ್ಲಿ ಬಂದಿದ್ದವು. ಅಮವಾಸಿಗೆ ಸಿರಿಗೇರಿಯ ನಮ್ಮ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಭೂಮ್ತಾಯಿಗೆ ನೈವೇದ್ಯದ ಚರಗ ಚೆಲ್ಲಿ ಬರಬೇಕು. ಅದಕ್ಕೆ ಅವ್ವ ಹೇಳಿದ್ದು ಎಳ್ಳು, ಸಜ್ಜಿ ಹಿಟ್ಟು, ಶೇಂಗಾ, ಬೆಲ್ಲ. ಆದರೆ ಅಂಗಡಿಯವನ ಕ್ಯಾಲೆಂಡರಿನಲ್ಲಿ ಅಮವಾಸಿ ಎಲ್ಲಿರುತ್ತದೆ? ಬಾಗಿಲಿಗೇ ಕಾಗದದ ನಕ್ಷತ್ರ, ಒಳಗೆ ಪ್ಲಾಸ್ಟಿಕ್ಕಿನ ಗಿಡ, ಗಿಡದ ಮೇಲೆ ಹಿಮ. ಹಿಮವೆಂದರೆ ನಮ್ಮ ಕಡೆಯದೇ ಹತ್ತಿ. ಅವ್ವ ಕಂಡಿದ್ದರೆ ಅಷ್ಟನ್ನೂ ಕಿತ್ತು ಉಡಿಯಲ್ಲಿ ಹಾಕಿಕೊಂಡು ಬಂದು ಬತ್ತಿ ಹೊಸೆಯುತ್ತಿದ್ದಳು. ಎಳ್ಳು ಎಲ್ಲಿದೆ ಎಂದು ಕೇಳಿದರೆ, "ಕೇಕಿನ ಹಿಂದಗಡಿ ಅದಾವ್ರಿ" ಅಂದರು.

ಕೇಕಿನ ಮುಂದೆ ಒಬ್ಬ ಸಾಂಟಾ ಕ್ಲಾಸ್ ನಿಂತಿದ್ದ. ಬಳ್ಳಾರಿಯ ಮಧ್ಯಾಹ್ನದಲ್ಲಿ ಮೈತುಂಬ ಕೆಂಪು ಉಣ್ಣೆ ತೊಟ್ಟು, ಗಡ್ಡ ಎತ್ತಿ ಎತ್ತಿ ಬೆವರು ಒರೆಸಿಕೊಳ್ಳುತ್ತಿದ್ದ. ನಮ್ಮನ್ನು ಕಂಡು "ಹೋ ಹೋ ಹೋ" ಅಂದ. ನಮ್ಮ ಕಡೆ ಎತ್ತು ನಿಲ್ಲಿಸುವುದೂ ಹಾಗೆಯೇ. ಸಿರಿಗೇರಿಯಲ್ಲಿ ಬಂಡಿ ಹತ್ತಿ ರೂಢಿಯಿದ್ದ ನನ್ನ ಮಗ, "ಅಪ್ಪಾ, ಗಾಡಿ ನಿಂದ್ರಸು, ಅವ್ನು ಹೇಳಾಕತ್ಯಾನ" ಅಂದ. ನಿಲ್ಲಿಸಿದೆ. ನಿಲ್ಲಿಸಿದ್ದೇ ತಪ್ಪಾಯಿತು.

ಯಾಕೆಂದರೆ ನನ್ನ ಮಗನಿಗೆ ಚುಕ್ಕಿಯ ಹುಚ್ಚು. ಪೊಟ್ಟಣದ ಮೇಲೆ ಹಸಿರು ಚುಕ್ಕಿ ಇದ್ದರೆ ನಾವು ತಿನ್ನಬಹುದು, ಕೆಂಪು ಚುಕ್ಕಿ ಇದ್ದರೆ ಮುಟ್ಟಬಾರದು ಎಂದು ಅವನ ಅಜ್ಜಿ, ಅಂದರೆ ನಮ್ಮವ್ವ, ಕಲಿಸಿದ್ದಾಳೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಬ್ಬ ಇನ್ಸ್‌ಪೆಕ್ಟರು ಹುಟ್ಟಿದ. ಬಿಸ್ಕೀಟು, ಶ್ಯಾವಿಗೆ ಹೋಗಲಿ, ಕಸಬರಿಗೆಯ ಚುಕ್ಕಿಯನ್ನೂ ಹುಡುಕುತ್ತಾನೆ. ಒಂದು ಬೆಳಗ್ಗೆ ಅವರಮ್ಮನ ಹಣೆಯ ಕುಂಕುಮ ನೋಡಿ, "ಅಮ್ಮಗ ಕೆಂಪು ಚುಕ್ಕಿ ಐತಿ, ಅಪ್ಪಾ ಮುಟ್ಟಬ್ಯಾಡ!" ಎಂದು ಬೀಗರ ಮುಂದೆ ಕೂಗಿದ. ಈಗ ಸಾಂಟಾನನ್ನು ತಲೆಯಿಂದ ಕಾಲಿನ ತನಕ ನೋಡಿ, "ಇವ್ನು ಪೂರ್ತಿ ಕೆಂಪು ಅದಾನ" ಎಂದು ತೀರ್ಪು ಕೊಟ್ಟ. ಸಾಂಟಾ ಅವನ ಕೈಗೆ ಒಂದು ಚಾಕಲೇಟು ಇಟ್ಟ. ಅದರ ಮೇಲೆ ಹಸಿರು ಚುಕ್ಕಿ ಇದ್ದದ್ದಕ್ಕೆ ಬಚಾವಾದ.

ಇಲ್ಲಿ ಒಂದು ತಟ್ಟೆಯ ವಿಷಯ ಹೇಳಬೇಕು. ನಮ್ಮ ಪಕ್ಕದ ಮನೆಯಲ್ಲಿ ಗ್ರೇಸಮ್ಮ ಇದ್ದಾರೆ, ಆಸ್ಪತ್ರೆಯಲ್ಲಿ ನರ್ಸು. ಅವರ ಮಗಳು ರೂಬಿ ನನ್ನ ಮಗಳ ಜೀವದ ಗೆಳತಿ. ಎರಡೂ ಮನೆಯ ನಡುವೆ ಗ್ರೇಸಮ್ಮನ ಹೆಸರು ಕೊರೆಸಿದ ಒಂದು ಸ್ಟೀಲಿನ ತಟ್ಟೆ ಓಡಾಡುತ್ತದೆ. ಬಂದ ತಟ್ಟೆಯನ್ನು ಖಾಲಿ ವಾಪಸು ಕೊಡುವುದು ನಮ್ಮ ಕಡೆ ಇಲ್ಲ. ಅವರು ಪೇರಲಹಣ್ಣು ಹಾಕಿ ಕಳಿಸಿದರೆ ನಾವು ಹೋಳಿಗೆ ಹಾಕಿ ಕಳಿಸಬೇಕು, ಅದಕ್ಕೆ ಅವರು ಮತ್ತೇನೋ ಹಾಕಬೇಕು. ಇದನ್ನು ಮೊದಲು ಯಾರು ನಿಲ್ಲಿಸುತ್ತಾರೋ ಅವರ ಮರ್ಯಾದೆ ಹೋಯಿತು. ಹೀಗಾಗಿ ಆ ತಟ್ಟೆ ತನ್ನ ಯಜಮಾನರ ಮನೆಯಲ್ಲಿ ನೆಮ್ಮದಿಯಿಂದ ಮಲಗಿದ್ದನ್ನು ನಾನಂತೂ ಕಂಡಿಲ್ಲ.

ಕ್ರಿಸ್ಮಸ್ಸಿಗೆ ಆ ತಟ್ಟೆಯಲ್ಲಿ ಕರ್ಜಿಕಾಯಿ, ಚಕ್ಕುಲಿ, ನಡುವೆ ತತ್ತಿ, ಅಂದರೆ ಮೊಟ್ಟೆ, ಹಾಕದ ಕೇಕು. ಮೂರು ಹೊತ್ತು ವಿಭೂತಿ ಹಚ್ಚುವ ನಮ್ಮವ್ವ ಅದನ್ನು ಕಣ್ಣು ಮುಚ್ಚಿ ತಿನ್ನುತ್ತಾಳೆ. "ಗ್ರೇಸವ್ವ ಮಾಡ್ಯಾಳಂದ್ರ ಮುಗೀತು" ಅನ್ನುತ್ತಾಳೆ. ನಾನೋ ಆ ಒಂದು ತುಂಡು ಕೇಕಿನ ಮೇಲೆ ಊರಲ್ಲೆಲ್ಲ ದೊಡ್ಡ ಮನುಷ್ಯನಾದೆ. ಸ್ಟಾಫ್‌ರೂಮಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಸೌಹಾರ್ದದ ಬಗ್ಗೆ ಮಾತು ಬಂದರೆ ಸಾಕು, "ನಮ್ಮನ್ಯಾಗ ಎಪ್ಪತ್ತು ದಾಟಿದ ಅವ್ವ ಕ್ರಿಸ್ಮಸ್ ಕೇಕ್ ತಿಂತಾಳ್ರಿ" ಎಂದು ಎದೆ ಉಬ್ಬಿಸುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು. ಕೇಕು ಯಾರು ಹೆಂಗೆ ಮಾಡುತ್ತಾರೆ ಎಂದು ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಎಳ್ಳಿನ ಪೊಟ್ಟಣ ಹುಡುಕುತ್ತ ಬಗ್ಗಿದ್ದೆ ನೋಡ್ರಿ, ಕಪಾಟಿನ ಆ ಕಡೆಯಿಂದ ರೂಬಿಯ ಅಳುದನಿ ಕೇಳಿಸಿತು. "ಮಮ್ಮಿ, ಈ ಸಲ ತತ್ತಿ ಕೇಕ್ ತಗೊಳ್ಳೂಣ. ಸಾಲ್ಯಾಗ ಎಲ್ಲಾರೂ ಹಬ್ಬಕ್ಕ ಅದನ್ನ ತಿಂತಾರ. ನಾ ಒಬ್ಬಾಕಿನ ತಿಂದಿಲ್ಲ."

"ವರ್ಷೆಲ್ಲಾ ತತ್ತಿ ತಿಂತಿಯಲ್ಲ ಬಂಗಾರಿ, ಹಬ್ಬದ ವಾರ ಒಂದು ಬ್ಯಾಡ" ಅಂದರು ಗ್ರೇಸಮ್ಮ. "ಅಕ್ಷತಾನ ಅಜ್ಜಿ ನಮ್ಮ ಮ್ಯಾಲ ನಂಬಿಕಿ ಇಟ್ಟು ತಿಂತಾರ. ಒಂದ ಮನ್ಯಾಗ ಎರಡು ಥರದ ಕೇಕ್ ಇದ್ರ ಅನುಮಾನ ಬರತೈತಿ. ಬಾಯಿ ಬಿಟ್ಟು ಕೇಳಂಗಿಲ್ಲ ಅವರು, ಸುಮ್ನ ತಿನ್ನೋದು ಬಿಡ್ತಾರ."

"ಹಬ್ಬ ನಮ್ಮದಾ, ಅವರದಾ?"

ಮೈದಾ ಹಿಟ್ಟಿನ ಚೀಲ ಬುಟ್ಟಿಗೆ ಹಾಕಿದ ಸಪ್ಪಳ ಕೇಳಿತು, ಗ್ರೇಸಮ್ಮ ಮಗುವಿನ ಕೈ ಹಿಡಿದು ಹೊರಟೇಬಿಟ್ಟರು. ನಾನು ಎಳ್ಳಿನ ಪೊಟ್ಟಣ ಹಿಡಿದು ಹಾಗೇ ಬಗ್ಗಿಯೇ ಇದ್ದೆ. ಅಲ್ರೀ, ಊರ ಮುಂದೆ ಎದೆ ಉಬ್ಬಿಸಿದವ ನಾನು, ಹಬ್ಬದ ವಾರ ಪಥ್ಯ ಮಾಡಿದ್ದು ಆ ಕೂಸು! ನನ್ನ ಸೌಹಾರ್ದಕ್ಕೂ ಒಂದು ಹಸಿರು ಚುಕ್ಕಿ ಬೇಕಾಗಿತ್ತು, ಅದನ್ನು ಪಕ್ಕದ ಮನೆಯವರು ಒತ್ತಿ ಕಳಿಸುತ್ತಿದ್ದರು.

ಅಕ್ಷತಾ ಎಲ್ಲ ಕೇಳಿಸಿಕೊಂಡಿದ್ದಳು. "ಅಪ್ಪಾ, ರೂಬಿಗಿ ನಾವ ಕೊಡ್ಸೂಣ" ಅಂದಳು.

"ಅಜ್ಜಿ ಏನಂತಾಳ?"

"ಅಜ್ಜಿ ತಿನ್ನೂದು ಬ್ಯಾಡ."

ಇಷ್ಟು ಸರಳ ಉತ್ತರ ನನ್ನಂಥ ಓದಿದವನಿಗೆ ಹೊಳೆಯಲಿಲ್ಲ. ಕೇಕಿನ ರಾಶಿಯಿಂದ ಒಂದು ಡಬ್ಬಿ ಎತ್ತಿ, ಕಳ್ಳತನ ಮಾಡುವವನಂತೆ ಅತ್ತಿತ್ತ ನೋಡಿ, ಸಜ್ಜಿ ಹಿಟ್ಟಿನ ಕೆಳಗೆ ತುರುಕಿದೆ. ದುಡ್ಡು ಕೊಟ್ಟು ತಗೊಳ್ಳುವ ಸಾಮಾನನ್ನು ಹೀಗೆ ಬಚ್ಚಿಟ್ಟಿದ್ದು ಅದೇ ಮೊದಲು.

ಬಿಲ್ಲಿನ ಸಾಲಿನಲ್ಲಿ ನಮ್ಮ ಹಿಂದೆ ಬಂದು ನಿಂತವರು ಯಾರು ಅಂತೀರಿ? ಕುರುಗೋಡಿನ ನಮ್ಮ ಸೋದರಮಾವ, ಅವ್ವನ ಖಾಸಾ ತಮ್ಮ! ಹಣೆಗೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಟವೆಲ್ಲು. ನಮ್ಮ ಬಳಗದಲ್ಲಿ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತದೆ ಎಂದು ಮೂಸಿ ನೋಡುವ ಅಧಿಕಾರ ಅವರದು. ನಾನು ನಮಸ್ಕಾರ ಮಾಡುವಷ್ಟರಲ್ಲಿ ಚನ್ನು ಸಜ್ಜಿ ಹಿಟ್ಟು ಸರಿಸಿದ. "ಅಪ್ಪಾ! ಕೆಂಪು ಚುಕ್ಕಿ! ಕೆಂಪು ಚುಕ್ಕಿ!" ಎಂದು ಮನೆಗೆ ಬೆಂಕಿ ಬಿದ್ದವರಂತೆ ಕೂಗಿದ. ಬಿಲ್ಲಿನ ಹುಡುಗಿಯೂ ತನ್ನ ಪಾಲಿನ ಉಪಕಾರ ಮಾಡಿದಳು. "ಸರ್, ಇದು ತತ್ತಿದ್ರಿ. ನೀವು ಯಾವಾಗ್ಲೂ ಎಗ್‌ಲೆಸ್ ಕೇಳ್ತೀರಿ. ಬದ್ಲಿ ಮಾಡ್ಲೇನ್ರಿ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾವ ನನ್ನ ಹತ್ತಿರ ಬಂದು, ದನಿ ಇಳಿಸಿ, "ನಾಯಿಗೇನಪಾ?" ಅಂದರು.

ಈ ನಾಯಿಯ ಬಗ್ಗೆ ನಿಮಗೆ ತಿಳಿದಿರಬೇಕು. ನಮ್ಮಂಥ ಮನೆಗಳಲ್ಲಿ ತತ್ತಿ ತರುವುದು ನಾಯಿಗೆ ಮಾತ್ರ. ಡಾಕ್ಟರು ಹೇಳಿರುತ್ತಾರೆ, ನಾಯಿಗೆ ನಿಶ್ಶಕ್ತಿ ಇರುತ್ತದೆ. ಇಂಥ ನಾಯಿಗಳು ಬೊಗಳುವುದಿಲ್ಲ, ಕಚ್ಚುವುದಿಲ್ಲ, ಬಂದವರಿಗೆ ಕಾಣಿಸಿಕೊಳ್ಳುವುದಂತೂ ಇಲ್ಲವೇ ಇಲ್ಲ. ಕೆಲವಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿದ ಆಮ್ಲೆಟ್ಟೇ ಆಗಬೇಕಂತೆ. ಕುರುಗೋಡಿನಲ್ಲಿ ತತ್ತಿ ಸಿಗುವುದಿಲ್ಲವೇ? ಬೇಕಾದಷ್ಟು ಸಿಗುತ್ತವೆ. ಆದರೆ ಮಾವನ ಮನೆಯಲ್ಲಿ ನಾಯಿ ಇಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಬಸ್ಸು ಹತ್ತಿ ಬಳ್ಳಾರಿಗೆ ಬರಬೇಕು.

ಅಂದರೆ ಮಾವ ನನ್ನನ್ನು ಹಿಡಿಯಲಿಲ್ಲ, ಪಾಪ, ತಮ್ಮ ಸಂಘಕ್ಕೆ ಸೇರಿಸಿಕೊಳ್ಳುತ್ತಿದ್ದರು. "ಹೂಂ" ಅಂದರೆ ಸಾಕಿತ್ತು. ಹೂಂ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಕೆಳಗೆ ನೋಡಿದೆ. ಅಕ್ಷತಾ ನನ್ನ ಅಂಗಿ ಹಿಡಿದು, ಕಣ್ಣು ಮಿಟುಕಿಸದೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೇಕು ಯಾರಿಗೆ ಎಂದು ಅವಳಿಗೆ ಗೊತ್ತು. ನಾನು ಹೂಂ ಅಂದರೆ ಮಾವನ ಮುಂದೆ ನನ್ನ ಮಾನ ಉಳಿಯುತ್ತಿತ್ತು, ಆದರೆ ನನ್ನ ಮಗಳ ಗೆಳತಿಯನ್ನು ನಾನೇ ನಾಯಿ ಅಂದ ಹಾಗಾಗುತ್ತಿತ್ತು. ಅದನ್ನು ಅವಳು ಮರೆಯುವ ಪೈಕಿ ಅಲ್ಲ.

"ಇಲ್ಲ ಮಾವಾ" ಅಂದೆ. ದನಿ ಯಾಕೋ ಹುಡುಗರ ದನಿಯ ಹಾಗೆ ಬಂತು. "ಬಾಜೂ ಮನಿ ರೂಬಿಗಿ. ನಮ್ಮ ಅಕ್ಷತಾನ ಗೆಳತಿಗಿ. ಹಬ್ಬ ಐತಲ್ಲ ಅವರದು."

"ಏನು! ನಮ್ಮಂಥವರ ಮನ್ಯಾಗಿಂದ ತತ್ತಿ ಕೇಕ್? ಅಕ್ಕಗ ಗೊತ್ತೈತೇನು?" ಮಾವನ ದನಿ ಏರಿತು. ಸಂಘಕ್ಕೆ ಸೇರದವನ ಮೇಲೆ ಸಿಟ್ಟು ಬರುವುದು ಸಹಜ.

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಚನ್ನು ಗಾಡಿಯಿಂದ ಬಗ್ಗಿ ಮಾವನ ಟವೆಲ್ಲು ಎತ್ತಿಬಿಟ್ಟ. "ತಾತ, ನಿಮ್ಮ ಬುಟ್ಟ್ಯಾಗ ತತ್ತಿ!"

"ನಾಯಿಗವು" ಅಂದರು ಮಾವ.

"ನಿಮ್ಮನ್ಯಾಗ ನಾಯಿ ಎಲ್ಲೈತಿ?" ಅಂದಳು ಅಕ್ಷತಾ. ದಸರಾ ರಜೆಯನ್ನು ಅವರ ಮನೆಯಲ್ಲೇ ಕಳೆದು ಬಂದಿದ್ದಳು.

"ತರಬೇಕಂತ ಮಾಡೀನವ್ವಾ" ಅಂದವರೇ ಮಾವ ಬೇರೆ ಸಾಲಿಗೆ ಹೋದರು.

ನಾವು ಮನೆ ಮುಟ್ಟುವ ಮೊದಲೇ ಮಾವನ ಫೋನು ಮುಟ್ಟಿತ್ತು. ಅವ್ವ ಬಾಗಿಲಲ್ಲೇ ಕೂತಿದ್ದಳು. "ಏನೋ, ಕೆಂಪು ಚುಕ್ಕಿ ತಂದೀಯಂತ?" ಅಂದಳು. ಗಿರಿಜಾ ಒಳಗಿನಿಂದಲೇ ನನ್ನ ಕಡೆ ನೋಡಿ, ನಿಮ್ಮದು ನೀವೇ ನೋಡಿಕೊಳ್ಳಿ ಎಂಬಂತೆ ಮುಖ ತಿರುಗಿಸಿದಳು. ಕಪಾಟಿನ ಹಿಂದೆ ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮಾವ ನಾಯಿಗೆಂದು ತತ್ತಿ ಒಯ್ದದ್ದನ್ನೂ, ಹಬ್ಬ ನಮ್ಮದಾ ಅವರದಾ ಎಂದು ರೂಬಿ ಕೇಳಿದ್ದನ್ನೂ ಬಿಡಲಿಲ್ಲ.

ಅವ್ವ ತಲೆ ತಗ್ಗಿಸಿದಳು. ಸಿಟ್ಟು ಬಂದಿದೆ ಎಂದುಕೊಂಡೆ. ನೋಡಿದರೆ ಕಣ್ಣಲ್ಲಿ ನೀರು. "ಅಲ್ಲೋ, ಇಷ್ಟು ವರ್ಷ ಆ ಕೂಸಿನ ಹಬ್ಬ ನಾ ತಿಂದೆನಲ್ಲೋ! ಒಂದ್ ಮಾತು ಹೇಳಬಾರದೇನು ಆಕಿ? ನಾ ಏನ್ ಬ್ಯಾಡ ಅಂತಿದ್ನೇನು?" ಅಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ತಟ್ಟಿ ತಗೊಂಡು ಬಾ" ಅಂದಳು.

ಗ್ರೇಸಮ್ಮನ ತಟ್ಟೆ ಬಂತು. ನಡುವೆ ಕೇಕಿನ ಡಬ್ಬಿಯನ್ನು ಅವ್ವ ತನ್ನ ಕೈಯಿಂದಲೇ ಇಟ್ಟಳು. ಸುತ್ತಲೂ ಅಮವಾಸಿಗೆ ತಂದ ಬೆಲ್ಲ, ಶೇಂಗಾ ಹಾಕಿದಳು. ಚನ್ನು ಗಾಬರಿಯಾಗಿ, "ಅಜ್ಜೀ, ಕೆಂಪು ಚುಕ್ಕಿ ಮುಟ್ಟಿದಿ!" ಅಂದ. "ಮುಟ್ಟಿದ್ರ ಏನಾತೋ? ನನ್ ಬಾಯಾಗ ಹಾಕ್ಕೊಂಡೆನೇನು?" ಎಂದು ಗದರಿದಳು. ಮತ್ತೆ ನನಗೆ, "ಗ್ರೇಸವ್ವಗ ಹೇಳು, ಆಕಿ ಮನ್ಯಾಗ ಎಷ್ಟ ಥರದ ಕೇಕ್ ಇದ್ರೂ, ಆಕಿ ಇದು ನಿಮ್ಮದು ಅಂತ ಕೊಟ್ಟದ್ದು ನಾ ತಿಂತೀನಿ. ಅನುಮಾನ ಗಿನುಮಾನ ಇಲ್ಲ" ಅಂದಳು. ಹೇಳಿದೆ. ಗ್ರೇಸಮ್ಮ ತಟ್ಟೆ ಹಿಡಿದು ನಿಂತರು. ರೂಬಿ ಮಾತ್ರ ಆಗಲೇ ಡಬ್ಬಿ ಬಿಚ್ಚಿದ್ದಳು.

ಕ್ರಿಸ್ಮಸ್ ಸಂಜೆ ಗ್ರೇಸಮ್ಮ ಮತ್ತು ರೂಬಿ ಅದೇ ತಟ್ಟೆ ಹೊತ್ತು ಬಂದರು. ಕರ್ಜಿಕಾಯಿ, ಚಕ್ಕುಲಿ, ತತ್ತಿ ಹಾಕದ ಕೇಕು. ಅವ್ವ ಎಲ್ಲರ ಎದುರಿಗೇ ಕೇಕು ಬಾಯಿಗೆ ಹಾಕಿಕೊಂಡಳು. ಎಲ್ಲರ ಎದುರಿಗೆ ಎಂದರೆ, ನಮ್ಮನ್ನು ತಿದ್ದಲೆಂದು ಬೆಳಗ್ಗೆಯೇ ಕುರುಗೋಡಿನಿಂದ ಬಂದು, ಅಕ್ಕನ ಕೈಯ ಊಟ ಮಾಡಿ, ಇನ್ನೂ ತಿದ್ದುತ್ತ ಕೂತಿದ್ದ ಮಾವನ ಎದುರಿಗೂ. ನಾನು ರೂಬಿಯನ್ನು ಕೇಳಿದೆ, "ತತ್ತಿ ಕೇಕ್ ಹೆಂಗಿತ್ತವಾ?"

"ಚಲೋ ಐತ್ರಿ ಅಂಕಲ್, ಬಾಳ ಮೆತ್ತಗ ಐತಿ" ಅಂದಳು. ಒಂದಿಷ್ಟು ಯೋಚಿಸಿ, "ಆದ್ರ ಅದನ್ನ ತಿಂದ್ರ ಕ್ರಿಸ್ಮಸ್ ಅನಸವಲ್ದು" ಎಂದು ನಮ್ಮ ತಟ್ಟೆಯ ಕೇಕಿಗೇ ಕೈ ಹಾಕಿದಳು.

ಗ್ರೇಸಮ್ಮ ನಕ್ಕುಬಿಟ್ಟರು. "ನೋಡ್ರಿ, ಅಷ್ಟು ಅತ್ತು, ಒಂದ ತುಂಡು ತಿಂದಾಳ. ಅರ್ಧಕ್ಕಿಂತ ಹೆಚ್ಚು ಹಂಗ ಉಳದೈತಿ" ಅಂದರು.

ಅವ್ವ ತಮ್ಮನ ಕಡೆ ಒಮ್ಮೆ ನೋಡಿದಳು. "ಉಳದೈತೇನವಾ? ಹಂಗಾದ್ರ ಡಬ್ಬ್ಯಾಗ ಹಾಕಿ ನಮ್ಮ ತಮ್ಮಗ ಕೊಡು. ಅವ್ನ ಮನ್ಯಾಗ ನಾಯಿ ಐತಿ, ಪಾಪ, ಬಾಳ ನಿಶ್ಶಕ್ತಿ ಅಂತ" ಅಂದಳು.

ಮಾವ ಬೇಡ ಅನ್ನುವಂತಿರಲಿಲ್ಲ. ಬೇಡ ಅಂದರೆ ನಾಯಿ ಇಲ್ಲ ಅಂದಂತಾಗುತ್ತದೆ. ಗ್ರೇಸಮ್ಮ ಮನೆಯಿಂದ ತಂದುಕೊಟ್ಟ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದ್ದರೂ ಲಗುಬಗೆಯಿಂದ ಹೊರಟುಬಿಟ್ಟರು.

ಮರುದಿನ ಬೆಳಗ್ಗೆ ಅವರ ಫೋನು ಬಂತು. ಕ್ಷೇಮಸಮಾಚಾರ ಎಲ್ಲ ಮುಗಿದ ಮೇಲೆ, "ಏನಿಲ್ಲಪಾ, ಆ ಕೇಕು ನಾಯಿಗಿ ಬಾಳ ಹಿಡಿಸೈತಿ. ಇನ್ನೊಂದ್ ತುಂಡು ಉಳದೈತೇನಂತ ಕೇಳಾಕತ್ತೈತಿ" ಅಂದರು.

ಪಕ್ಕದಲ್ಲೇ ಕೂತಿದ್ದ ಅವ್ವನಿಗೂ ಅದು ಕೇಳಿಸಿತು. ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡಳು.

"ಲೇ ತಮ್ಮಾ, ನೀ ಸುಮ್ಕಿರು. ನಾಯಿ ಕೈಯಾಗ ಫೋನ್ ಕೊಡು, ಅದಕ್ಕ ನಾನ ಹೇಳ್ತೀನಿ."