ನೊರೆಹಾಲು ತಂದ ಜ್ವರ

ಚೊಚ್ಚಲ ಹೆರಿಗೆಗೆಂದು ಕಡ್ಡಿರಾಂಪುರದ ತವರಿಗೆ ಬಂದಾಗ ನನ್ನ ಮೂಗು ಅಪ್ಪನಿಗೆ ದೊಡ್ಡ ತಮಾಷೆಯಾಗಿತ್ತು. ಆಡಿನ ಹಾಲನ್ನು ನೇರ ಲೋಟಕ್ಕೆ ಕರೆದು, ನೊರೆ ಇಳಿಯುವ ಮುಂಚೆ ಗಟಗಟ ಕುಡಿಯುವುದು ಅವನ ರೂಢಿ. ನನಗೋ ಆ ವಾಸನೆಯೇ ಆಗುತ್ತಿರಲಿಲ್ಲ. ಅವ್ವ ಏಲಕ್ಕಿ ಹಾಕಿ ಕಾಯಿಸಿ ಕೊಟ್ಟರೆ ಮಾತ್ರ, ಅದೂ ಮೂಗು ಹಿಡಿದುಕೊಂಡು ಕುಡಿಯುತ್ತಿದ್ದೆ.

“ಕಾಯ್ಸಿದ್ರ ಶಕ್ತಿ ಎಲ್ಲಾ ಹೋಗ್ತೈತಿ. ಪ್ಯಾಟಿ ರಾಣಿ ಬಂದಾಳ ನೋಡ್ರಿ!” ಎನ್ನುತ್ತಿದ್ದ. ಪ್ಯಾಕೆಟ್ ಹಾಲಂತೂ ಅವನ ಲೆಕ್ಕದಲ್ಲಿ ಬಿಳಿ ನೀರು.

ಇಂಥ ಶಕ್ತಿವಂತನಿಗೆ ಸಂಜೆಯಾದರೆ ಜ್ವರ ಶುರುವಾಯಿತು. ಬೆವರಿ ಅಂಗಿ ತೊಯ್ದು ಇಳಿಯುತ್ತಿತ್ತು, ಕೆಲವು ದಿನ ಬಿಟ್ಟು ಮತ್ತೆ ಹಾಜರು. ಸೊಂಟ ಹಿಡಿದುಕೊಂಡು ನಡೆಯುವುದನ್ನು ನೋಡಿ, “ಬಸುರಿ ನಾನೋ ನೀನೋ?” ಎಂದು ಸೇಡು ತೀರಿಸಿಕೊಂಡೆ. ಯಾರದೋ ಕಣ್ಣು ತಾಗಿದೆ ಎಂದು ಅವನ ವಾದ. ಕೊನೆಗೆ ಹೊಸಪೇಟೆಯ ಆಸ್ಪತ್ರೆಗೆ ಎಳೆದುಕೊಂಡು ಹೋದೆವು.

ರಕ್ತದ ರಿಪೋರ್ಟ್ ನೋಡಿದ ಡಾಕ್ಟರಮ್ಮ ಬಿಡಿಸಿ ಹೇಳಿದರು. ಇದು ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ, ಹಸಿಹಾಲಿನಿಂದ ಬರುತ್ತದೆ. ಮೈಗೆ ನುಗ್ಗಿದ ಕ್ರಿಮಿಯನ್ನು ನುಂಗಿ ಅರಗಿಸುವ ಕಾವಲು ಕೋಶಗಳು ಇದನ್ನೂ ನುಂಗುತ್ತವೆ, ಆದರೆ ಪೂರ್ತಿ ಅರಗಿಸಲಾರವು. ಉಳಿದದ್ದು ಆ ಕೋಶದೊಳಗೇ ಬೆಳೆಯುತ್ತದೆ. ರಕ್ತದಲ್ಲಿ ಓಡಾಡುವ ಪ್ರತಿಕಾಯಗಳು ಅಲ್ಲಿಗೆ ತಲುಪುವುದಿಲ್ಲ. ಬೇರೆ ಬಿಳಿ ರಕ್ತಕಣಗಳು ಬಂದು ಆ ಕಾವಲುಗಾರನನ್ನೇ ಹುರಿದುಂಬಿಸಿ, ಒಳಗಿರುವುದನ್ನು ಅವನಿಂದಲೇ ಕೊಲ್ಲಿಸಬೇಕು. ಆ ಜಗಳದ ಕಾವೇ ಜ್ವರವಂತೆ.

“ಅಂದ್ರ ಮನಿಗೆ ಬಂದ ಅಳಿಯ ಇದ್ದಂಗ್ರಿ,” ಎಂದ ಅಪ್ಪ, ಯಶವಂತನಗರದ ಗಣಿ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ನನ್ನ ಗಂಡನ ಕಡೆ ನೋಡುತ್ತ. “ಒಳಗ ಬಿಟ್ಕೊಂಡೋರು ನಾವ. ಹೊರಗ ಹಾಕಾಕ ಬರಂಗಿಲ್ಲ.”

ಡಾಕ್ಟರಮ್ಮ ನಕ್ಕರು. ಆಮೇಲೆ, “ಯಾವುದಾದ್ರೂ ಆಡು ಕಂದು ಹಾಕಿತ್ತೇನ್ರಿ?” ಎಂದು ಕೇಳಿದರು.

ಹಾಕಿತ್ತು. ದಿನ ತುಂಬದೆ ಸತ್ತು ಬಿದ್ದ ಮರಿಯನ್ನು ಅಪ್ಪನೇ ಬರಿಗೈಯಲ್ಲಿ ಎತ್ತಿ ಹೂತಿದ್ದ. ಈಗ ಅವನ ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು.

“ಮನುಷ್ಯಾರಿಗೂ ಹಂಗ ಆಗ್ತೈತೇನ್ರಿ?”

“ಆಗಬಹುದು. ಇವರ ರಕ್ತಾನೂ ನೋಡೋಣ.”

ನನ್ನ ರಿಪೋರ್ಟ್ ಬರುವತನಕ ಅಪ್ಪ ಒಂದೂ ತಮಾಷೆ ಮಾಡಲಿಲ್ಲ. ನನಗೆ ವಿಪರೀತ ಭಯವಾಗಿತ್ತು. ಮಗು ಒದ್ದಾಗಲೆಲ್ಲ ಅವ್ವನನ್ನು ಕರೆದು ಕೈ ಇಡಿಸುತ್ತಿದ್ದೆ. ಸದ್ಯ, ನನಗೆ ಏನೂ ತಗುಲಿರಲಿಲ್ಲ. ಕಾಯಿಸಿ ಕುಡಿದದ್ದು ಉಳಿಸಿತು ಎಂದರು ಡಾಕ್ಟರಮ್ಮ. ಅಪ್ಪನಿಗೆ ಮಾತ್ರ ವಾರಗಟ್ಟಲೆ ಗುಳಿಗೆ. ಜ್ವರ ಬಿಟ್ಟಿತೆಂದು ನಿಲ್ಲಿಸಿದರೆ ಕೋಶದೊಳಗೆ ಅಡಗಿದ್ದು ಮತ್ತೆ ಏಳುತ್ತದಂತೆ.

ಮರುದಿನ ಬೆಳಗ್ಗೆ ಮನೆಯೆಲ್ಲ ಹಾಲು ಸೀದ ವಾಸನೆ. ಅಪ್ಪ ಒಲೆಯ ಮುಂದೆ ನಿಂತಿದ್ದ.

“ಅದು ಪ್ಯಾಕೆಟ್ ಹಾಲಪ್ಪಾ, ಸಾಕು ಇಳ್ಸು.”

“ನೀ ಸುಮ್ನಿರಲೇ. ಇನ್ನೊಂದು ಉಕ್ಕು ಬರ್ಲಿ.”

ತಳ ಹಿಡಿದ ಆ ಹಾಲನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟ. ಅಷ್ಟು ಕೆಟ್ಟ ವಾಸನೆ ಆಡಿನ ಹಾಲಿಗೂ ಇರಲಿಲ್ಲ. ಅವನು ನನ್ನ ಮೂಗನ್ನೇ ನೋಡುತ್ತಿದ್ದ. ಮೂಗು ಹಿಡಿಯದೆ ಪೂರ್ತಿ ಕುಡಿದೆ.