ಕೆರೆಯದೆ ಬಿಟ್ಟ ಕಲೆ

ಚರ್ಮರೋಗದ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕುಳಿತವಳಿಗೆ ಭೂತಗನ್ನಡಿ ಎಂಬ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಎದುರಿಗೇ ಹಾಗೆ ಕರೆಯುವ ಎದೆಗಾರಿಕೆ ಮಾತ್ರ ಯಾರಿಗೂ ಇರಲಿಲ್ಲ. ಅವಳ ಕೆಲಸ ಇಷ್ಟೇ: ರೋಗಿಯ ಮೈಮೇಲಿನ ಕಲೆಯ ಅಂಚನ್ನು ಮೊಂಡು ಬ್ಲೇಡಿನಿಂದ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಸ್ಲೈಡಿನ ಮೇಲೆ ಹಿಡಿದು, ಒಂದು ಹನಿ ಕ್ಷಾರ ಬಿಟ್ಟು, ಕಾದು, ನೋಡುವುದು. ಬೂಷ್ಟಿನ ಎಳೆಗಳು ಕಂಡರೆ ಹುಳುಕಡ್ಡಿ. ಕಾಣದಿದ್ದರೆ ಬೇರೇನೋ, ಅದು ವೈದ್ಯರ ತಲೆನೋವು.

ಕೆರೆಸದೆ ಯಾರಾದರೂ "ಇದು ಫಂಗಸ್ಸೇ" ಎಂದುಬಿಟ್ಟರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಕಣ್ಣಲ್ಲೇ ಗೊತ್ತಾಗೋದಾದ್ರೆ ನಂಗ್ಯಾಕೆ ಸಂಬಳ ಕೊಡ್ತಾರೆ?" ಎಂದು ಎಷ್ಟೋ ಹೊಸ ವೈದ್ಯರ ನೀರಿಳಿಸಿದ್ದಳು.

ಮನೆಯಲ್ಲಿ ಈ ಕಾನೂನು ನಡೆಯುತ್ತಿರಲಿಲ್ಲ. ದರ್ಜಿ ಕೆಲಸದ ಗಂಡ ಒಂದು ದಿನ ಪ್ಯಾಂಟು ಮಡಿಚಿ ಮೀನಖಂಡದ ಮೇಲಿನ ಕೆಂಪು ಕಲೆ ತೋರಿಸಿದಾಗ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಕೂತಲ್ಲಿಂದಲೇ ನೋಡಿ, "ಹುಳುಕಡ್ಡಿ. ಮುಲಾಮು ತರ್ತೀನಿ," ಎಂದಳು. ಕೈಯಲ್ಲಿ ಚಾಕು ಇತ್ತು. ಆದರೂ ಕೆರೆಯಬೇಕು ಎಂದು ಅವಳಿಗೆ ಹೊಳೆಯಲಿಲ್ಲ.

ಎಂಟು ತಿಂಗಳು ಅವನು ಬೆಳಿಗ್ಗೆ ಸಂಜೆ ತಪ್ಪದೆ ಹಚ್ಚಿಕೊಂಡ. ಹೇಗಿದೆ ಎಂದು ಕೇಳಿದಾಗಲೆಲ್ಲ, "ಎಷ್ಟೋ ಕಮ್ಮಿ," ಎಂದ. ಅವಳೂ ಮತ್ತೆ ಬಗ್ಗಿ ನೋಡಲಿಲ್ಲ.

ಒಂಬತ್ತನೆಯ ಟ್ಯೂಬು ಬರೆಸಿಕೊಳ್ಳಲು ಅವಳು ಹೋದಾಗ ಆಸ್ಪತ್ರೆಯ ವೈದ್ಯೆ ಪೆನ್ನು ಕೆಳಗಿಟ್ಟರು.

"ಯಾರಿಗಮ್ಮಾ ಇದು ತಿಂಗಳು ತಿಂಗಳು?"

"ನಮ್ಮನೆಯವ್ರಿಗೆ."

"ಸ್ಲೈಡಲ್ಲಿ ಏನು ಬಂತು?"

ಭೂತಗನ್ನಡಿ ಚೀಟಿ ಬರೆಸಿಕೊಳ್ಳದೆಯೇ ಎದ್ದಳು.

ಮರುದಿನ ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿ ಅವಳೇ ಕೆರೆದಳು. ಮೂರು ಸ್ಲೈಡು ಮಾಡಿದಳು. ಬೂಷ್ಟು ಸಿಗಲಿ ಎಂದು ಅವಳು ಬೇಡಿಕೊಂಡದ್ದು ಅದೇ ಮೊದಲು. ಒಂದೇ ಒಂದು ಎಳೆ ಕಂಡಿದ್ದರೂ ಅಲ್ಲೇ ಕುಣಿದುಬಿಡುತ್ತಿದ್ದಳು. ಕಾಣಲಿಲ್ಲ. ವೈದ್ಯೆ ಕಲೆಯಿಂದ ಒಂದು ಚೂರು ಚರ್ಮ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಆರು ದಿನ ಅವಳು ಬಡಿಸಿಕೊಂಡ ತಟ್ಟೆಯನ್ನು ಹಾಗೇ ಎತ್ತಿಟ್ಟಳು. ಅವನು ಎಂದಿನಂತೆ ಎರಡು ಹೊತ್ತೂ ಉಂಡ.

ಏಳನೆಯ ದಿನ ವೈದ್ಯೆ ಅವಳನ್ನು ಒಳಗೆ ಕರೆದರು. "ಕ್ಯಾನ್ಸರ್ರೇ. ಆದ್ರೆ ಮೇಲಿನ ಪದರ ದಾಟಿಲ್ಲ. ತೆಗೆದುಹಾಕಿದ್ರೆ ಮುಗೀತು. ಇನ್ನೂ ಬಿಟ್ಟಿದ್ರೆ ಹೀಗೆ ಹೇಳೋಕೆ ಆಗ್ತಿರ್ಲಿಲ್ಲ."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡನಿಗೆ ಎಲ್ಲವನ್ನೂ ಹೇಳಿದಳು. ತಪ್ಪು ತನ್ನದೇ ಎಂದಳು. ಅಳು ಬಂತು. ಅಳು ನಿಂತ ಮೇಲೆ ಸಿಟ್ಟು ಬಂತು.

"ಎಷ್ಟೋ ಕಮ್ಮಿ ಅಂತಿದ್ರಲ್ಲ! ನಿಜವಾಗ್ಲೂ ಕಮ್ಮಿ ಆಗಿತ್ತಾ?"

"ಇಲ್ಲ. ದೊಡ್ಡದಾಗ್ತಿತ್ತು."

"ಮತ್ತೆ ಯಾಕ್ರೀ ಹೇಳ್ಲಿಲ್ಲ?"

ಅವನು ತನ್ನ ಕಾಲನ್ನು ನೋಡಿಕೊಂಡ.

"ಡಾಕ್ಟ್ರುಗಳೇ ನಿನ್ನ ಮಾತಿಗೆ ಎದುರಾಡಲ್ಲ. ನಾನು ಬಟ್ಟೆ ಹೊಲಿಯೋನು. ನನ್ನ ಕಾಲೇ ತಪ್ಪು ಮಾಡ್ತಿರ್ಬೇಕು ಅಂದ್ಕೊಂಡೆ."