ಮಗ್ಗದ ಶೆಡ್ಡಿನಲ್ಲಿ ಎರಡು ಪಿಯಾನೊ

ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್‌ಗಳಿದ್ದವು. ಎರಡನ್ನು ಮಾರಿದ ಮೇಲೆ ಆ ಜಾಗದಲ್ಲಿ ನಾನು ಎರಡು ಹಳೇ ಪಿಯಾನೊ ತಂದಿಟ್ಟೆ. ಬುಧವಾರ ಬೆಳಿಗ್ಗೆ ಕರೆಂಟ್ ತೆಗೆಯುತ್ತಿದ್ದರು, ಉಳಿದ ಮಗ್ಗಗಳೂ ನಿಲ್ಲುತ್ತಿದ್ದವು. ಅದೇ ನಮ್ಮ ಅಭ್ಯಾಸದ ಹೊತ್ತು. ಜೊತೆಗೆ ನುಡಿಸುವ ಗೆಳತಿ ಯಲಹಂಕದಿಂದ ಬಸ್ಸಿನಲ್ಲಿ ಬರುತ್ತಿದ್ದಳು.

ನಾವು ಕಛೇರಿಗೆಂದು ಹಿಡಿದಿದ್ದ ಕೃತಿ ಬಹಳ ನಿಧಾನದ್ದು. ಇಬ್ಬರೂ ಒಂದೇ ಪುಟ್ಟ ಸ್ವರಸಾಲನ್ನು ಮತ್ತೆ ಮತ್ತೆ ನುಡಿಸಬೇಕು. ನನ್ನ ವೇಗ ಬದಲಾಗಕೂಡದು. ಅವಳು ಕೂದಲೆಳೆಯಷ್ಟು ಬೇಗ ನುಡಿಸುತ್ತ, ಹತ್ತು ನಿಮಿಷದಲ್ಲಿ ಒಂದು ಸ್ವರ ಮುಂದೆ ಹೋಗಬೇಕು. ಆದರೆ ಪ್ರತಿ ಸಲವೂ ಕೊನೆಯಲ್ಲಿ ಇಬ್ಬರೂ ಒಟ್ಟಿಗೇ ಇರುತ್ತಿದ್ದೆವು.

"ನಾನು ಮುಂದೆ ಹೋಗ್ತಾನೇ ಇದೀನಲ್ಲೇ" ಎನ್ನುತ್ತಿದ್ದಳು. ನಾನು ನಂಬಲಿಲ್ಲ. ಮೊದಲೇ ನನಗೆ ಮೂಗಿನ ತುದಿಯಲ್ಲೇ ಕೋಪ. ಇವಳಿಗೆ ನನ್ನ ಜೊತೆ ಸಾಕಾಗಿದೆ, ಬೇಕೆಂದೇ ಹಾಳು ಮಾಡುತ್ತಿದ್ದಾಳೆ ಅನ್ನಿಸಿತು. ಫೋನ್ ಮಗುಚಿಡುವುದು, ಗಡಿಯಾರ ನೋಡುವುದು, ಎಲ್ಲದರಲ್ಲೂ ಅರ್ಥ ಹುಡುಕಿದೆ. ಕೊನೆಗೆ ಅವಳಿಗೆ ತಿಳಿಸದೆ ಬೇರೊಬ್ಬ ಪಿಯಾನೊ ವಾದಕರಿಗೆ ಫೋನ್ ಮಾಡಿ, ಅವಳ ಬದಲು ನುಡಿಸುತ್ತೀರಾ ಎಂದು ಕೇಳಿದೆ. ನೋಡೋಣ ಎಂದರು.

ಮೂರು ವಾರದ ನಂತರ, ಮೂಲೆಯಲ್ಲಿ ದಾರದ ಗಂಟು ಬಿಡಿಸುತ್ತಿದ್ದ ಅಮ್ಮ ಬಾಯಿ ಬಿಟ್ಟಳು. ಮೂವತ್ತು ವರ್ಷ ಎರಡು ಮಗ್ಗಗಳನ್ನು ಒಬ್ಬಳೇ ನೋಡಿಕೊಂಡವಳು. ಬೆನ್ನು ತಿರುಗಿಸಿ ನಿಂತೇ ಯಾವುದರಲ್ಲಿ ಎಳೆ ಹರಿಯಿತೆಂದು ಹೇಳುತ್ತಿದ್ದಳು.

"ಆ ಹುಡುಗಿ ಸರಿಯಾಗೇ ಹೋಗ್ತಾಳೆ ಕಣೇ. ನೀನೇ ಅವಳ ಹಿಂದೆ ಓಡ್ತೀಯ. ಚಿಕ್ಕೋಳಿದ್ದಾಗ ಮಗ್ಗದ ಸದ್ದಿಗೆ ಸರಿಯಾಗಿ ಮುದ್ದೆ ನುಂಗ್ತಿದ್ದೆ, ಈಗ್ಲೂ ಅದೇ ಬುದ್ಧಿ."

ಎದ್ದು ಬಂದು ನನ್ನ ಎರಡೂ ಕಿವಿಗೆ ಹತ್ತಿ ತುರುಕಿದಳು. ಗೋಡೆ ನೋಡುತ್ತ, ಬೆರಳನ್ನಷ್ಟೇ ನಂಬಿ ನುಡಿಸಿದೆ. ಹತ್ತು ನಿಮಿಷವಾದ ಮೇಲೆ ಅಮ್ಮ ಹತ್ತಿ ತೆಗೆದಳು. ಗೆಳತಿ ನನಗಿಂತ ಸರಿಯಾಗಿ ಒಂದು ಸ್ವರ ಮುಂದಿದ್ದಳು.

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬೇರೆಯವರಿಗೆ ಫೋನ್ ಮಾಡಿದ್ದನ್ನು ಗೆಳತಿಗೆ ಹೇಳಿಬಿಟ್ಟೆ.

"ಗೊತ್ತು. ಅವರು ಅವತ್ತು ಸಾಯಂಕಾಲಾನೇ ನಂಗೆ ಹೇಳಿದ್ರು."

"ಮತ್ತೆ ಯಾಕೆ ಬರ್ತಿದ್ದೆ?"

"ನೀನೇ ಹೇಳ್ತೀಯೇನೋ ಅಂತ" ಎಂದಳು.

ನನ್ನ ಫೋನಿನ ವಿಷಯ ಗೊತ್ತಾದ ಮೇಲೂ ಅವಳು ಮೂರು ಬುಧವಾರ ಬಂದಿದ್ದಳು.